ಮೀಟರಿಗೆ ಕೈ ಹಾಕಿದರೆ ಬಿಲ್ ಯಾರ ಮನೆಗೆ ಹೋಗುತ್ತದೆ?

ಡೊಂಬಿವಲಿ, ಭಾಂಡುಪ್, ಠಾಣೆ, ಪುಣೆಯ ಹಡಪ್ಸರ್ ಎಲ್ಲ ಕಡೆಯೂ ಈಗ ಕನ್ನಡದ ಮನೆಗಳಲ್ಲಿ ಒಂದೇ ಮಾತು: ಹೊಸ ವಿದ್ಯುತ್ ಮೀಟರ್ ಬಂತು, ಬಿಲ್ ಜಾಸ್ತಿಯಾಯಿತು. ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ. ಯಾರೋ ಪರಿಚಯದವರಿದ್ದಾರಂತೆ, ಇಷ್ಟು ಕೊಟ್ಟರೆ ಮೀಟರ್ ನಿಧಾನ ಮಾಡಿಕೊಡುತ್ತಾರಂತೆ. ಮೊದಲನೆಯದು ದೂರು, ಎರಡನೆಯದು ಕಳವು. ಆದರೂ ಎರಡೂ ಒಂದೇ ಉಸಿರಿನಲ್ಲಿ ಬರುತ್ತಿವೆ. ಕಂಪನಿ ಮೋಸ ಮಾಡುತ್ತಿದೆ ಎಂದು ಮನಸ್ಸು ಒಪ್ಪಿಬಿಟ್ಟರೆ, ತಾನು ಮಾಡುವುದು ಮೋಸವಲ್ಲ ಎಂದು ಒಪ್ಪಿಕೊಳ್ಳುವುದು ಸುಲಭ. ಹಾಗಾಗಿ ಮೊದಲು ದೂರು ಎಷ್ಟು ನಿಜ ಎಂದು ನೋಡಬೇಕು.

ಹೆಸರು ಬದಲಾದ ಮೀಟರ್

ಗೊಂದಲಕ್ಕೆ ಜನ ಕಾರಣರಲ್ಲ. ದೇಶದಾದ್ಯಂತ 25 ಕೋಟಿ ಸ್ಮಾರ್ಟ್ ಪ್ರೀಪೇಯ್ಡ್ ಮೀಟರ್ ಹಾಕುವ ಯೋಜನೆಯನ್ನು ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿತು. ಮಹಾರಾಷ್ಟ್ರದ ಸರ್ಕಾರಿ ವಿತರಣಾ ಕಂಪನಿ ಮಹಾವಿತರಣ ಎರಡು ಕೋಟಿಗೂ ಮಿಕ್ಕಿದ ಮೀಟರುಗಳಿಗೆ ಗುತ್ತಿಗೆ ಕೊಟ್ಟಿತು. ವಿರೋಧ ಜೋರಾದಾಗ, 2024ರ ಜೂನ್‌ನಲ್ಲಿ, ಆಗ ಇಂಧನ ಖಾತೆ ನೋಡಿಕೊಳ್ಳುತ್ತಿದ್ದ ದೇವೇಂದ್ರ ಫಡಣವೀಸ್ ಸಾಮಾನ್ಯ ಗೃಹಬಳಕೆದಾರರಿಗೆ ಪ್ರೀಪೇಯ್ಡ್ ಮೀಟರ್ ಹಾಕುವುದಿಲ್ಲ ಎಂದರು. ಜನ ನಿಟ್ಟುಸಿರು ಬಿಟ್ಟರು. ಸ್ವಲ್ಪ ದಿನಕ್ಕೆ ಸ್ಮಾರ್ಟ್ ಮೀಟರೇ ಮತ್ತೆ ಬಾಗಿಲಿಗೆ ಬಂತು. ಈ ಸಲ ಹೆಸರು ಟಿಒಡಿ ಮೀಟರ್. ಹಣ ಮೊದಲೇ ತುಂಬಬೇಕಿಲ್ಲ, ತಿಂಗಳ ಕೊನೆಗೆ ಎಂದಿನಂತೆ ಬಿಲ್ ಬರುತ್ತದೆ.

ಟಿಒಡಿ ಎಂದರೆ ಟೈಮ್ ಆಫ್ ಡೇ, ಹೊತ್ತಿಗೆ ತಕ್ಕ ದರ. ಸೌರವಿದ್ಯುತ್ ಹೆಚ್ಚಿರುವ ಹಗಲಿನಲ್ಲಿ ಅಗ್ಗ, ಎಲ್ಲರೂ ಒಟ್ಟಿಗೆ ಬಳಸುವ ಸಂಜೆಯಲ್ಲಿ ತುಟ್ಟಿ ಎನ್ನುವುದು ಇದರ ಮೂಲ ವಿಚಾರ. 2023ರಲ್ಲಿ ತಿದ್ದುಪಡಿಯಾದ ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮದಲ್ಲಿಯೇ ಇದಿದೆ. ಈ ಮೀಟರ್ ಇರುವ ಮನೆಗೆ ಬೆಳಿಗ್ಗೆ 9ರಿಂದ ಸಂಜೆ 5ರವರೆಗಿನ ಬಳಕೆಯಲ್ಲಿ ಯೂನಿಟ್ಟಿಗೆ 80 ಪೈಸೆಯಿಂದ ಒಂದು ರೂಪಾಯಿವರೆಗೆ ರಿಯಾಯಿತಿ ಎಂದು 2025ರಲ್ಲಿ ಮಹಾವಿತರಣ ಸಾರಿತು. ಗಂಡ ಹೆಂಡತಿ ಇಬ್ಬರೂ 8.12ರ ಲೋಕಲ್ ಹಿಡಿದು ಹೋಗಿ ರಾತ್ರಿ ಮನೆ ಸೇರುವವರಾದರೆ ಹಗಲಿನ ರಿಯಾಯಿತಿಯಿಂದ ಹೆಚ್ಚು ಪ್ರಯೋಜನವಿಲ್ಲ. ಹಗಲು ಮಿಕ್ಸರ್, ವಾಷಿಂಗ್ ಮಷಿನ್ ನಡೆಯುವ ಮನೆಗೆ, ನೀರಿನ ಪಂಪಿನ ಹೊತ್ತು ಬದಲಿಸಿಕೊಳ್ಳುವ ಸೊಸೈಟಿಗೆ ಇದೆ.

ವಿರೋಧಿಸುವವರ ಮುಖ್ಯ ಪ್ರಶ್ನೆ ಮೀಟರಿನ ಹಣದ್ದು. ಸ್ಥಾಪನೆ, ಹಲವು ವರ್ಷಗಳ ನಿರ್ವಹಣೆ ಸೇರಿ ಒಂದು ಮೀಟರಿಗೆ ಸುಮಾರು 12,000 ರೂಪಾಯಿಯ ಗುತ್ತಿಗೆ, ಅದರಲ್ಲಿ ಕೇಂದ್ರದ ಅನುದಾನ 900 ರೂಪಾಯಿ. ಗ್ರಾಹಕರಿಂದ ಒಂದು ಪೈಸೆಯನ್ನೂ ವಸೂಲು ಮಾಡುವುದಿಲ್ಲ ಎನ್ನುತ್ತದೆ ಕಂಪನಿ. ಬಿಲ್ಲಿನಲ್ಲಿ 'ಮೀಟರ್ ವೆಚ್ಚ' ಎಂಬ ಸಾಲು ಬರುವುದಿಲ್ಲ ಎನ್ನುವಷ್ಟಕ್ಕೆ ಇದು ನಿಜ. ಆದರೆ ವಿತರಣಾ ಕಂಪನಿಯ ಆದಾಯವೆಲ್ಲ ಕೊನೆಗೆ ದರದಿಂದಲೇ ಬರಬೇಕು. ಸೋರಿಕೆ ತಗ್ಗಿ ಉಳಿತಾಯವಾದರೆ ಮೀಟರಿನ ದುಡ್ಡು ಅದರಿಂದ ಹುಟ್ಟುತ್ತದೆ, ಆಗದಿದ್ದರೆ ಮುಂದಿನ ದರ ಆದೇಶದಲ್ಲಿ ಕಾಣಿಸಿಕೊಳ್ಳುತ್ತದೆ. ಈ ಪ್ರಶ್ನೆ ಎತ್ತುವವರನ್ನೆಲ್ಲ ಕಳ್ಳರ ಪರ ಎಂದು ತಳ್ಳಿಹಾಕುವುದು ಅನ್ಯಾಯ.

ಹೊಸ ಮೀಟರ್ ಜೋರಾಗಿ ಓಡುತ್ತದೆಯೇ?

ಹಳೆಯ ಚಾಳುಗಳಲ್ಲಿ ಮೊನ್ನೆಮೊನ್ನೆವರೆಗೂ ಇದ್ದದ್ದು ಅಲ್ಯೂಮಿನಿಯಂ ತಟ್ಟೆ ತಿರುಗುವ ಮೀಟರ್. ವರ್ಷ ಕಳೆದಂತೆ ಧೂಳು, ಸವೆತ ಸೇರಿ ತಟ್ಟೆ ನಿಧಾನವಾಗುತ್ತದೆ. ಸಣ್ಣ ಬಳಕೆಗೆ ಅದು ಕದಲುವುದೂ ಇಲ್ಲ. ಎಲೆಕ್ಟ್ರಾನಿಕ್ ಮೀಟರ್ ಹಾಗಲ್ಲ. ಸ್ವಿಚ್ ಆರಿಸದೆ ಬಿಟ್ಟ ಟಿವಿ, ಸೆಟ್‌ಟಾಪ್ ಬಾಕ್ಸ್, ವೈಫೈ, ದೇವರ ಮುಂದಿನ ಸಣ್ಣ ಬಲ್ಬು ಎಲ್ಲವನ್ನೂ ಹಿಡಿಯುತ್ತದೆ. ಹೀಗೆ ಮನೆಯಲ್ಲಿ ಸದಾ 10 ವ್ಯಾಟ್ ಹರಿಯುತ್ತಿದ್ದರೆ ತಿಂಗಳಿಗೆ ಏಳು ಯೂನಿಟ್ ಆಯಿತು. ಹಳೆಯ ಮೀಟರ್ ಬಿಟ್ಟುಬಿಡುತ್ತಿದ್ದುದನ್ನು ಹೊಸದು ಎಣಿಸುತ್ತದೆ. ಮನೆಯವರಿಗೆ ಇದು ಜೋರಾಗಿ ಓಡಿದಂತೆ ಕಾಣುತ್ತದೆ.

ಹಾಗೆಂದು ಕೆಟ್ಟ ಮೀಟರೇ ಇರುವುದಿಲ್ಲ ಎಂದಲ್ಲ, ಯಂತ್ರ ಎಂದ ಮೇಲೆ ಕೆಡುತ್ತದೆ. ಸಂಶಯವಿದ್ದರೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಮೀಟರಿನ ಮುಖದ ಮೇಲೆ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲಿ 3200 ಇಂಪ್/ಕೆಡಬ್ಲ್ಯುಎಚ್ ಎಂದೋ ಬೇರೆ ಸಂಖ್ಯೆಯೋ ಅಚ್ಚಾಗಿರುತ್ತದೆ. 3200 ಇದ್ದರೆ ಆ ದೀಪ 3200 ಸಲ ಮಿನುಗಿದಾಗ ಒಂದು ಯೂನಿಟ್. ಮೊದಲು ಮನೆಯ ಎಲ್ಲ ಸ್ವಿಚ್ ಆರಿಸಿ, ಪ್ಲಗ್ಗುಗಳನ್ನು ಕಿತ್ತು, ದೀಪ ನಿಂತಿತೇ ನೋಡಿ. ನಿಲ್ಲದಿದ್ದರೆ ಎಲ್ಲೋ ವೈರಿಂಗ್ ಸೋರುತ್ತಿದೆ, ಇಲ್ಲವೇ ನಿಮ್ಮ ಮೀಟರಿನಿಂದ ಇನ್ನೊಬ್ಬರ ಮನೆಗೆ ತಂತಿ ಹೋಗಿದೆ. ಆಮೇಲೆ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆಯೊಂದನ್ನೇ ಹಚ್ಚಿ, ಅದು ಕಾಯುತ್ತಿರುವಾಗ ಒಂದು ನಿಮಿಷ ಎಣಿಸಿ. 3200ರ ಮೀಟರಿನಲ್ಲಿ 53ರ ಆಸುಪಾಸು ಬಂದರೆ ಮೀಟರ್ ಸರಿಯಿದೆ. 70, 80 ಬಂದರೆ ದೂರು ಕೊಡಲು ಆಧಾರ ಸಿಕ್ಕಿತು.

ದೂರಿನ ದಾರಿಯೂ ಈಗ ಮೊದಲಿಗಿಂತ ಗಟ್ಟಿಯಾಗಿದೆ. ಅದೇ ಗ್ರಾಹಕ ಹಕ್ಕುಗಳ ನಿಯಮದ 2024ರ ತಿದ್ದುಪಡಿಯ ಪ್ರಕಾರ, ಮೀಟರ್ ನಿಜವಾದ ಬಳಕೆಗಿಂತ ಹೆಚ್ಚು ತೋರಿಸುತ್ತಿದೆ ಎಂದು ಗ್ರಾಹಕ ದೂರಿದರೆ ಐದು ದಿನದೊಳಗೆ ಕಂಪನಿ ಪಕ್ಕದಲ್ಲೇ ಇನ್ನೊಂದು ಮೀಟರ್ ಹಾಕಬೇಕು. ಕನಿಷ್ಠ ಮೂರು ತಿಂಗಳು ಎರಡರ ಲೆಕ್ಕವನ್ನೂ ತಾಳೆ ನೋಡಬೇಕು. ವಾಟ್ಸ್ಯಾಪಿನಲ್ಲಿ ಬಿಲ್ಲಿನ ಫೋಟೋ ಹಂಚುವುದಕ್ಕಿಂತ ಈ ಅರ್ಜಿ ಎಷ್ಟೋ ಉಪಯುಕ್ತ.

ಏರುವುದು ಮೀಟರಲ್ಲ, ಮೆಟ್ಟಿಲು

ಬಿಲ್ ಏರುವುದಕ್ಕೆ ಮೀಟರಿಗಿಂತ ದೊಡ್ಡ ಕಾರಣ ದರದ ಮೆಟ್ಟಿಲುಗಳು. 2024-25ರಲ್ಲಿ ಮಹಾವಿತರಣದ ಗೃಹಬಳಕೆ ದರ ಮೊದಲ 100 ಯೂನಿಟ್ಟಿಗೆ ತಲಾ 4.71 ರೂಪಾಯಿ ಇತ್ತು. 101ನೆಯ ಯೂನಿಟ್ಟಿನಿಂದ 300ರವರೆಗೆ 10.29, ಅದರಾಚೆ 500ರವರೆಗೆ 14.55, ಆಮೇಲೆ 16.64. ಇದರ ಮೇಲೆ ಯೂನಿಟ್ಟಿಗೆ 1.17 ರೂಪಾಯಿ ವಹನ ಆಕಾರ (ತಂತಿಯಲ್ಲಿ ವಿದ್ಯುತ್ ಸಾಗಿಸುವ ಶುಲ್ಕ), ತಿಂಗಳ ಸ್ಥಿರ ಆಕಾರ (ನಿಗದಿ ಶುಲ್ಕ), ಆಗಾಗ ಇಂಧನ ಹೊಂದಾಣಿಕೆ ಶುಲ್ಕ, ಎಲ್ಲದರ ತಲೆಯ ಮೇಲೆ ಶೇ. 16 ವಿದ್ಯುತ್ ಸುಂಕ.

100 ದಾಟಿದ ಕೂಡಲೇ ದರ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ ಎನ್ನುವುದು ಇಲ್ಲಿ ಗಮನಿಸಬೇಕಾದ ಸಂಗತಿ. ಮೊದಲ 100ಕ್ಕೆ ಕಡಿಮೆ ದರ ಹಾಗೇ ಉಳಿಯುತ್ತದೆ, ಮೇಲಿನದಕ್ಕೆ ಮಾತ್ರ ಹೆಚ್ಚು. ಆದರೂ ಏಪ್ರಿಲ್, ಮೇ ಸೆಕೆಯಲ್ಲಿ ಒಂದು ಕೂಲರ್ ಸೇರಿ ಬಳಕೆ 95ರಿಂದ 150ಕ್ಕೆ ಹೋದರೆ, ಹೆಚ್ಚಿದ 55 ಯೂನಿಟ್ಟುಗಳಲ್ಲಿ 50 ಮೇಲಿನ ಮೆಟ್ಟಿಲಿಗೆ ಬೀಳುತ್ತವೆ. ಬಳಕೆ ಒಂದೂವರೆ ಪಟ್ಟಾದರೆ ಬಿಲ್ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಮೀಟರ್ ಬದಲಾದದ್ದು ಅದೇ ತಿಂಗಳಾಗಿದ್ದರೆ ದೋಷ ಮೀಟರಿನ ತಲೆಗೆ ಬರುತ್ತದೆ.

ಮೂರು ಖೋಲಿ, ಒಂದು ಮೀಟರ್

ಈ ಮೆಟ್ಟಿಲು ಬಡವರನ್ನು ಕಾಯಲು ಕಟ್ಟಿದ್ದು. ಬಾಡಿಗೆ ಖೋಲಿಗಳಲ್ಲಿ ಅದು ತಿರುಗುಬಾಣವಾಗುತ್ತದೆ. ವಿಜಯಪುರ, ಕಲಬುರಗಿ, ಯಾದಗಿರಿಯಿಂದ ಕಟ್ಟಡ ಕೆಲಸಕ್ಕೆ ಬಂದವರು ಪುಣೆಯ ಅಂಚಿನಲ್ಲಿ ಇರುವ ಸಾಲುಕೋಣೆಗಳನ್ನು ಕಣ್ಮುಂದೆ ತಂದುಕೊಳ್ಳಿ. ಮೂರು ಕುಟುಂಬ, ಮಾಲೀಕರ ಹೆಸರಿನ ಒಂದೇ ಮೀಟರ್. ಪ್ರತಿ ಮನೆಯ ಬಳಕೆ 90 ಯೂನಿಟ್ ಎನ್ನೋಣ.

ಅವರವರಿಗೆ ಬೇರೆ ಮೀಟರ್ ಇದ್ದಿದ್ದರೆ, ಮೇಲಿನ ದರದಲ್ಲಿ, ಯೂನಿಟ್ ಮತ್ತು ವಹನ ಆಕಾರ ಸೇರಿ ಒಂದು ಮನೆಗೆ ಸುಮಾರು 529 ರೂಪಾಯಿ. ಒಂದೇ ಮೀಟರಿನಲ್ಲಿ ಅದು 270 ಯೂನಿಟ್ ಆಗುತ್ತದೆ. 100 ಮಾತ್ರ ಅಗ್ಗ, ಉಳಿದ 170 ತುಟ್ಟಿ. ಮೂರು ಮನೆಗೆ ಹಂಚಿದರೆ ತಲಾ ಸುಮಾರು 845 ರೂಪಾಯಿ. ಬೇರೆ ಮೀಟರಿದ್ದರೆ ಪ್ರತಿ ಮನೆಗೂ ಸ್ಥಿರ ಆಕಾರ ಬೀಳುವುದರಿಂದ ಈ ಅಂತರ ಒಂದಿಷ್ಟು ತಗ್ಗುತ್ತದೆ, ಇಲ್ಲವಾಗುವುದಿಲ್ಲ. ಅಂದರೆ 90 ಯೂನಿಟ್ ಬಳಸುವ ಗಾರೆ ಕೆಲಸದ ಕುಟುಂಬ, 90 ಯೂನಿಟ್ಟೇ ಬಳಸುವ ಸ್ವಂತ ಫ್ಲ್ಯಾಟಿನವರಿಗಿಂತ ಹೆಚ್ಚು ಕೊಡುತ್ತಿದೆ. ಮೇಲಿಂದ ಮಾಲೀಕರು ತಮ್ಮದೇ ದರ ಹಚ್ಚಿದರೆ ಕೇಳುವವರಿಲ್ಲ.

ಊರಿಗೆ ಫೋನ್ ಮಾಡಿದರೆ ಅಲ್ಲಿ ಗೃಹಜ್ಯೋತಿ, 200 ಯೂನಿಟ್ ಮೀರದ ನಿಗದಿತ ಮಿತಿಯೊಳಗಿದ್ದರೆ ಸೊನ್ನೆ ಬಿಲ್. ಅದೇ ಮನೆಯ ಮಗ ಇಲ್ಲಿ ತಿಂಗಳಿಗೆ 800 ಕೊಡುತ್ತಾನೆ. ಅವನ ಹೊಟ್ಟೆಯುರಿ ನ್ಯಾಯವಾದದ್ದೇ. ಆದರೆ ಇದಕ್ಕೆ ಪರಿಹಾರ ಮೇಲಿನ ತಂತಿಗೆ ಆಕಡಾ (ವಿದ್ಯುತ್ ಕದಿಯುವ ಕೊಕ್ಕೆ) ಹಾಕುವುದರಲ್ಲಿಲ್ಲ, ಬೇರೆ ಮೀಟರ್ ಕೇಳುವುದರಲ್ಲಿದೆ. ವಿದ್ಯುತ್ ಕಾಯ್ದೆ 2003ರ 43ನೇ ಕಲಮು ಮಾಲೀಕರಿಗಷ್ಟೇ ಅಲ್ಲ, ಜಾಗದಲ್ಲಿ ವಾಸವಿರುವವರಿಗೂ ಸಂಪರ್ಕ ಕೇಳುವ ಹಕ್ಕು ಕೊಟ್ಟಿದೆ. ಮಾಲೀಕರು ಒಪ್ಪಿಗೆಪತ್ರ ಕೊಡಲಿಲ್ಲ ಎಂಬ ಒಂದೇ ನೆಪಕ್ಕೆ ಬಾಡಿಗೆದಾರರಿಗೆ ವಿದ್ಯುತ್ ತಪ್ಪಿಸುವಂತಿಲ್ಲ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಪ್ರಕರಣ ಹೋದದ್ದೂ ಮಹಾರಾಷ್ಟ್ರದಿಂದಲೇ.

ಕದ್ದ ಯೂನಿಟ್ ಮಾಯವಾಗುವುದಿಲ್ಲ

ಮೀಟರಿನಲ್ಲಿ ದಾಖಲಾಗದ ಯೂನಿಟ್ಟನ್ನೂ ಯಾವುದೋ ವಿದ್ಯುತ್ ಸ್ಥಾವರ ಉತ್ಪಾದಿಸಿದೆ, ಅದಕ್ಕೆ ಕಂಪನಿ ಹಣ ಕೊಟ್ಟಾಗಿದೆ. ಟ್ರಾನ್ಸ್‌ಫಾರ್ಮರಿಗೆ ಹೋದದ್ದು ಇಷ್ಟು, ಮನೆಗಳ ಮೀಟರಿನಲ್ಲಿ ಬಂದದ್ದು ಇಷ್ಟು. ನಡುವಿನ ವ್ಯತ್ಯಾಸವೇ ವಿತರಣಾ ನಷ್ಟ. ಅದರಲ್ಲಿ ಒಂದು ಪಾಲು ತಂತಿ ಬಿಸಿಯಾಗಿ ಹೋಗುವಂಥದ್ದು, ತಪ್ಪಿಸಲಾಗದು. ಉಳಿದದ್ದು ಕಳವು, ತಪ್ಪು ಮೀಟರ್, ತಪ್ಪು ಲೆಕ್ಕ. ದರ ನಿಗದಿ ಮಾಡುವ ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗ ಇಂತಿಷ್ಟು ನಷ್ಟಕ್ಕೆ ಅವಕಾಶ ಎಂದು ಗುರಿ ಹಾಕುತ್ತದೆ. ಆ ಗುರಿಯೊಳಗಿನ ನಷ್ಟವೆಲ್ಲ ದರದೊಳಗೆ ಕರಗಿ, ಬಿಲ್ ಕಟ್ಟುವವರ ಮೇಲೆ ಬೀಳುತ್ತದೆ.

ಹೀಗಾಗಿ 'ಕಂಪನಿಯ ದುಡ್ಡು ತಾನೇ' ಎನ್ನುವ ಮಾತು ನಿಲ್ಲುವುದಿಲ್ಲ. ಮೂರನೇ ಮಹಡಿಯ ಎಸಿ ಮೀಟರಿಗೆ ಸಿಗದೆ ಓಡಿದರೆ, ಅದರ ದುಡ್ಡು ನೆಲಮಾಳಿಗೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವರ ಬಿಲ್ಲಿನಲ್ಲಿ ಚೂರುಚೂರಾಗಿ ಸೇರುತ್ತದೆ. ಸೇರಿದ್ದು ಯಾರಿಗೂ ಕಾಣುವುದಿಲ್ಲ. ಗೃಹಜ್ಯೋತಿಯಲ್ಲಿಯೂ ಒಬ್ಬರ ಬಿಲ್ಲನ್ನು ಇನ್ನೊಬ್ಬರು ಕಟ್ಟುತ್ತಾರೆ, ಆದರೆ ಅದು ಬಜೆಟ್ಟಿನಲ್ಲಿ ಬರೆದಿದೆ, ವಿಧಾನಸಭೆಯಲ್ಲಿ ಚರ್ಚೆಯಾಗುತ್ತದೆ, ಬೇಡವೆನಿಸಿದರೆ ಮತ ಹಾಕಿ ಬದಲಿಸಬಹುದು. ಮೀಟರ್ ತಿದ್ದಿದವರು ತಮಗೆ ತಾವೇ ಸಬ್ಸಿಡಿ ಮಂಜೂರು ಮಾಡಿಕೊಂಡಿರುತ್ತಾರೆ. ಅದನ್ನು ಭರಿಸುವವರನ್ನು ಯಾರೂ ಕೇಳಿಲ್ಲ.

ಪರಿಣಾಮ ಹಣಕ್ಕೇ ನಿಲ್ಲುವುದಿಲ್ಲ. ಮಹಾವಿತರಣ ತನ್ನ ಫೀಡರುಗಳನ್ನು, ಅಂದರೆ ಒಂದೊಂದು ಪ್ರದೇಶಕ್ಕೆ ವಿದ್ಯುತ್ ಒಯ್ಯುವ ಮುಖ್ಯ ತಂತಿಗಳನ್ನು, ನಷ್ಟದ ಪ್ರಮಾಣ ನೋಡಿ ಎಯಿಂದ ಜಿವರೆಗೆ ಗುಂಪು ಮಾಡಿದೆ. ವಿದ್ಯುತ್ ಕೊರತೆ ಬಂದಾಗ ಲೋಡ್‌ಶೆಡ್ಡಿಂಗ್ ಮೊದಲು ಬೀಳುವುದು ಹೆಚ್ಚು ನಷ್ಟದ ಕೆಳಗಿನ ಗುಂಪಿಗೆ. ಆ ಫೀಡರಿನಲ್ಲಿ ತಪ್ಪದೆ ಬಿಲ್ ಕಟ್ಟಿದವರೂ ಕತ್ತಲಲ್ಲೇ ಕೂರಬೇಕು. ಅರ್ಧಕ್ಕಿಂತ ಹೆಚ್ಚು ವಿದ್ಯುತ್ತಿಗೆ ಹಣವೇ ಬಾರದಿದ್ದ ಭಿವಂಡಿಯನ್ನು 2007ರಲ್ಲಿ ಟೊರೆಂಟ್ ಪವರ್ ಎಂಬ ಖಾಸಗಿ ಕಂಪನಿಗೆ ಒಪ್ಪಿಸಲಾಯಿತು. 2020ರಲ್ಲಿ ಮುಂಬ್ರಾ, ಶೀಳ್, ಕಳವಾ ಕೂಡ ಅದೇ ಹಾದಿ ಹಿಡಿದವು. ಖಾಸಗೀಕರಣವನ್ನು ವಿರೋಧಿಸುವವರು ಇದನ್ನು ನೆನಪಿಡಬೇಕು: ಸೋರಿಕೆಯೇ ಅದಕ್ಕೆ ಬಾಗಿಲು ತೆರೆಯಿತು.

ಎಲ್ಲ ನಷ್ಟವನ್ನೂ ಮನೆಮಂದಿಯ ತಲೆಗೆ ಕಟ್ಟುವುದೂ ತಪ್ಪು. ಮೀಟರಿಲ್ಲದ ಪಂಪ್‌ಸೆಟ್ಟುಗಳ ಬಳಕೆ ಬರೀ ಅಂದಾಜು. ಆ ಅಂದಾಜನ್ನು ಏರಿಸಿದಷ್ಟೂ ಕಾಗದದ ಮೇಲೆ ನಷ್ಟ ಇಳಿಯುತ್ತದೆ. ದೊಡ್ಡ ಕಳವಿಗೆ ಒಳಗಿನವರ ಕೈವಾಡ ಬೇಕೇ ಬೇಕು. ಕೊಳೆಗೇರಿಯಲ್ಲಿ ಕಾಗದಪತ್ರವಿಲ್ಲವೆಂದು ಸಂಪರ್ಕ ಸಿಗದೆ ಒಂದು ಬಲ್ಬು, ಒಂದು ಫ್ಯಾನಿಗೆ ತಂತಿ ಎಳೆದುಕೊಂಡವರನ್ನೂ, ಎರಡು ಎಸಿ ಇಟ್ಟುಕೊಂಡು ಮೀಟರ್ ತಿದ್ದಿಸಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಮನಸ್ಸು ಒಪ್ಪುವುದಿಲ್ಲ. ಮೊದಲಿನವರಿಗೆ ಸಿಗಬೇಕಾದ ಸಂಪರ್ಕ ಸಿಕ್ಕಿಲ್ಲ. ಎರಡನೆಯವರಿಗೆ ಎಲ್ಲವೂ ಸಿಕ್ಕಿದೆ, ಕೊಡಲು ಮನಸ್ಸಿಲ್ಲ. ಬಡವರ ಹೆಸರು ಹೇಳಿ ಈ ಎರಡನೆಯವರು ತಮ್ಮ ಕೆಲಸವನ್ನು ಸಮರ್ಥಿಸಿಕೊಳ್ಳುವುದು ನನಗೆ ಎಲ್ಲಕ್ಕಿಂತ ಹೇಯವಾಗಿ ಕಾಣುತ್ತದೆ.

135 ಬೇರೆ, 126 ಬೇರೆ

ಕಾಯ್ದೆಯ 135ನೇ ಕಲಮು ಕಳವಿನದು: ಆಕಡಾ ಹಾಕುವುದು, ಮೀಟರ್ ತಿದ್ದುವುದು, ಬೈಪಾಸ್ ಮಾಡುವುದು. ಮೂರು ವರ್ಷದವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ದಂಡ ಮೊದಲ ಸಲ ಲಾಭದ ಮೂರು ಪಟ್ಟಿಗೆ ಕಡಿಮೆಯಿಲ್ಲ, ಎರಡನೇ ಸಲ ಆರು ಪಟ್ಟು. ಸಂಪರ್ಕ ತಕ್ಷಣ ಕಡಿಯುತ್ತಾರೆ, 24 ಗಂಟೆಯೊಳಗೆ ಪೊಲೀಸ್ ದೂರು ಕೊಡಬೇಕು. ಲೆಕ್ಕ ಹಾಕಿದ ಮೊತ್ತ ತುಂಬಿದರೆ 48 ಗಂಟೆಯೊಳಗೆ ಮತ್ತೆ ಜೋಡಿಸಬೇಕು. ಒಮ್ಮೆ ರಾಜಿಶುಲ್ಕ ಕಟ್ಟಿ ಪಾರಾಗಲು ಅವಕಾಶವಿದೆ, ಎರಡನೇ ಸಲಕ್ಕಿಲ್ಲ.

126ನೇ ಕಲಮು ನಮ್ಮವರಿಗೆ ಹೆಚ್ಚು ಹತ್ತಿರದ್ದು, ಆದರೆ ಗೊತ್ತಿರುವವರು ಕಡಿಮೆ. ಇದು ಕಳವಲ್ಲ, ಅನಧಿಕೃತ ಬಳಕೆ. ಮನೆಯ ಮೀಟರಿನಲ್ಲೇ ವೆಟ್ ಗ್ರೈಂಡರ್ ಓಡಿಸಿ ಇಡ್ಲಿ ಹಿಟ್ಟು ಮಾರುವವರು, ಫ್ಲ್ಯಾಟಿನಲ್ಲಿ ಖಾನಾವಳಿ ನಡೆಸುವವರು ಡೊಂಬಿವಲಿಯಿಂದ ಪಿಂಪ್ರಿಯವರೆಗೆ ಎಷ್ಟೋ ಮಂದಿ. ಅವರು ಒಂದು ಯೂನಿಟ್ಟನ್ನೂ ಕದ್ದಿಲ್ಲ, ಆದರೆ ಗೃಹದರದಲ್ಲಿ ವ್ಯಾಪಾರ ಮಾಡಿದಂತಾಗುತ್ತದೆ. ಸಿಕ್ಕಿದರೆ ಸರಿಯಾದ ದರದ ಎರಡು ಪಟ್ಟು ವಸೂಲಿ, ಎಂದಿನಿಂದ ಎಂದು ತಿಳಿಯದಿದ್ದರೆ ಹಿಂದಿನ 12 ತಿಂಗಳಿಗೆ. ಇಲ್ಲಿ ಒಂದು ಸಮಾಧಾನವಿದೆ. ಮನೆಯ ಒಂದು ಭಾಗದಲ್ಲಿ ಸಣ್ಣ ಉದ್ಯೋಗ ನಡೆಸುತ್ತ ತಿಂಗಳಿಗೆ 300, ವರ್ಷಕ್ಕೆ 3,600 ಯೂನಿಟ್ ಮೀರದವರಿಗೆ ಗೃಹದರವೇ ಅನ್ವಯ ಎಂದು ಮಹಾವಿತರಣದ ದರ ಆದೇಶಗಳಲ್ಲಿ ಆಯೋಗ ಹೇಳುತ್ತ ಬಂದಿದೆ. ಹಿಟ್ಟು ರುಬ್ಬುವ ಬಹುಪಾಲು ಮನೆಗಳು ಇದರೊಳಗೇ ಬರುತ್ತವೆ. ತಪಾಸಣೆಯವರು ಬಂದಾಗ ಹೆದರಿ ಕೈಬಿಸಿ ಮಾಡುವ ಮೊದಲು ಇದನ್ನು ಕೇಳಬೇಕು. 126ರ ಅಂತಿಮ ಆದೇಶದ ಮೇಲೆ 30 ದಿನದಲ್ಲಿ, ಅರ್ಧ ಮೊತ್ತ ತುಂಬಿ, ಮೇಲ್ಮನವಿ ಹೋಗಬಹುದು.

ಕಾನೂನು ತಿರುಗುಮುರುಗಾಗುವ ಜಾಗ

135ರಲ್ಲಿ ನಿಜಕ್ಕೂ ಆತಂಕ ಹುಟ್ಟಿಸುವ ಮಾತೊಂದಿದೆ. ಸಾಮಾನ್ಯ ಅಪರಾಧದಲ್ಲಿ ತಪ್ಪನ್ನು ಸಾಬೀತು ಮಾಡುವ ಹೊಣೆ ದೂರುದಾರರದು. ಇಲ್ಲಿ, ಕೃತಕವಾಗಿ ಮೀಟರ್ ಕೆಡಿಸಿದ ಸಾಧನ ಸಿಕ್ಕಿತೆಂದು ಸಾಬೀತಾದರೆ ಸಾಕು, ಕದ್ದದ್ದು ಗ್ರಾಹಕರೇ ಎಂದು ಕಾನೂನು ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಅವರದು. ಮೀಟರ್ ಇರುವುದು ಮೆಟ್ಟಿಲ ಕೆಳಗೆ, ಬೀಗ ಮುರಿದ ಕೋಣೆಯಲ್ಲಿ. ಹೆಸರು ತೀರಿಹೋದ ಅಜ್ಜನದು, ಬಾಡಿಗೆಗೆ ಇರುವವರು ಮೂರನೆಯವರು. ಹಿಂದೆ ಇದ್ದವರು ಏನು ಮಾಡಿಟ್ಟು ಹೋದರೋ ಯಾರಿಗೆ ಗೊತ್ತು?

ಹೊಸ ಮೀಟರ್ ಬಂದಮೇಲೆ ಇದು ಇನ್ನೂ ಸೂಕ್ಷ್ಮವಾಗಿದೆ. ಈ ಮೀಟರುಗಳು ಫೇಸ್ (ಕರೆಂಟ್ ಬರುವ), ನ್ಯೂಟ್ರಲ್ (ಅದು ವಾಪಸಾಗುವ) ಎರಡೂ ತಂತಿಯ ಪ್ರವಾಹ ಅಳೆಯುತ್ತವೆ. ಎರಡೂ ಸಮವಿಲ್ಲದಿದ್ದರೆ ಹೆಚ್ಚಿರುವುದನ್ನು ಲೆಕ್ಕಕ್ಕೆ ಹಿಡಿದು, ಸಂಶಯದ ಘಟನೆ ಎಂದು ದಿನಾಂಕ, ಸಮಯದ ಸಮೇತ ಬರೆದಿಡುತ್ತವೆ. ಮುಚ್ಚಳ ತೆರೆದರೂ, ಆಯಸ್ಕಾಂತ ತಂದರೂ ಹಾಗೆಯೇ. ಕಳ್ಳರನ್ನು ಹಿಡಿಯಲು ಇದು ಒಳ್ಳೆಯದೇ. ಆದರೆ ನಲವತ್ತು ವರ್ಷದ ಚಾಳಿನಲ್ಲಿ ಅಂದಿನ ವೈರ್‌ಮನ್ ಎರಡು ಖೋಲಿಗಳ ನ್ಯೂಟ್ರಲ್ ಒಂದೇ ಕಡೆ ಕಟ್ಟಿರುತ್ತಾನೆ. ಆಚೆ ಮನೆಯ ಪ್ರವಾಹ ಈಚೆ ಮನೆಯ ನ್ಯೂಟ್ರಲ್ಲಿನಲ್ಲಿ ವಾಪಸಾಗುತ್ತದೆ. ಮೀಟರಿಗೆ ಕಾಣುವುದು ಅಸಮತೋಲ. ಬಿಲ್ಲೂ ಏರುತ್ತದೆ, ಸಂಶಯದ ಗುರುತೂ ಬೀಳುತ್ತದೆ, ಏನೂ ಮಾಡದ ಮನೆಯ ಮೇಲೆ. ಸೊಸೈಟಿಗಳು ಮೀಟರ್ ಬದಲಾಗುವ ಮೊದಲೇ ಪರವಾನಗಿ ಇರುವ ಎಲೆಕ್ಟ್ರಿಶಿಯನ್ನರಿಂದ ನ್ಯೂಟ್ರಲ್ ಬೇರ್ಪಡಿಸಿಕೊಳ್ಳುವುದು ಇದಕ್ಕಾಗಿಯೇ ತುರ್ತು.

ತಪಾಸಣೆಗೂ ಮಿತಿಗಳಿವೆ. ಮನೆಯವರು ಎದುರಿಗಿರಬೇಕು, ವಶಪಡಿಸಿಕೊಂಡದ್ದರ ಪಟ್ಟಿ ಮಾಡಿ ಸಹಿ ಪಡೆದು ಕೊಡಬೇಕು. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ಮನೆಯ ವಯಸ್ಕ ಗಂಡಸು ಎದುರಿಗಿಲ್ಲದೆ ವಾಸದ ಮನೆ ತಪಾಸಣೆ ಮಾಡುವಂತಿಲ್ಲ. ಕಳವಿನ ಪ್ರಕರಣಗಳನ್ನು ಗ್ರಾಹಕ ದೂರು ವೇದಿಕೆ ಮುಟ್ಟುವುದಿಲ್ಲ, ವಿಶೇಷ ನ್ಯಾಯಾಲಯಕ್ಕೆ ಹೋಗಬೇಕು. ಹೀಗಾಗಿ 126 ಆಗಬೇಕಾದದ್ದು 135 ಆಗಿ ದಾಖಲಾದರೆ ಮನೆಯವರಿಗೆ ದಾರಿ ಬಹಳ ದುರ್ಗಮ. ಪಂಚನಾಮೆಗೆ ಸಹಿ ಹಾಕುವ ಮೊದಲು ಯಾವ ಕಲಮು ಎಂದು ಓದಲೇಬೇಕು. ಮರಾಠಿ ಓದಲು ಬಾರದಿದ್ದರೆ ಓದಿ ಹೇಳುವವರು ಬರುವತನಕ ಸಹಿ ಹಾಕಬೇಡಿ.

ಮುಂದೇನಾಗಬಹುದು

ಹೊಸ ಮೀಟರಿನಲ್ಲಿ ಕದಿಯುವುದು ದಿನೇದಿನೇ ಕಷ್ಟವಾಗಲಿದೆ. ಟ್ರಾನ್ಸ್‌ಫಾರ್ಮರಿನ ಲೆಕ್ಕವನ್ನು ಅದರಡಿಯ ಮನೆಗಳ ಲೆಕ್ಕದೊಂದಿಗೆ ದಿನವೂ ತಾಳೆ ನೋಡಿದರೆ ಸೋರಿಕೆ ಯಾವ ಗಲ್ಲಿಯದು ಎಂದು ತಿಳಿದುಬಿಡುತ್ತದೆ. 'ನಿಧಾನ ಮಾಡಿಕೊಡುತ್ತೇನೆ' ಎಂದು ದುಡ್ಡು ತೆಗೆದುಕೊಂಡವನು ಎರಡು ತಿಂಗಳಲ್ಲಿ ನಾಪತ್ತೆಯಾಗುತ್ತಾನೆ, ಮೀಟರಿನ ನೆನಪಿನಲ್ಲಿ ಮುಚ್ಚಳ ತೆರೆದ ಹೊತ್ತು ಉಳಿಯುತ್ತದೆ, ಪ್ರಕರಣ ಬೀಳುವುದು ಮನೆಯವರ ಮೇಲೆ.

ಸೋರಿಕೆ ಇಳಿದರೆ ದರವೂ ಇಳಿಯುತ್ತದೆಯೇ ಎನ್ನುವುದು ಬೇರೆ ಪ್ರಶ್ನೆ. ತಾನಾಗಿ ಇಳಿಯುವುದಿಲ್ಲ. ಉಳಿತಾಯದಲ್ಲಿ ಗ್ರಾಹಕರ ಪಾಲೆಷ್ಟು, ಮೀಟರ್ ಗುತ್ತಿಗೆಯ ಪಾಲೆಷ್ಟು ಎಂದು ನಿರ್ಧಾರವಾಗುವುದು ಆಯೋಗದ ಸಾರ್ವಜನಿಕ ವಿಚಾರಣೆಯಲ್ಲಿ. ಅಲ್ಲಿ ಉದ್ಯಮಿಗಳ ಸಂಘಗಳು ವಕೀಲರನ್ನು ಕಳಿಸುತ್ತವೆ. ಸಾಮಾನ್ಯ ಗ್ರಾಹಕರೂ ಆಕ್ಷೇಪಣೆ ಸಲ್ಲಿಸಬಹುದು, ಹೋಗಿ ಮಾತಾಡಬಹುದು. ಈ ಮಹಾನಗರಗಳಲ್ಲಿ ಕನ್ನಡ ಸಂಘಗಳಿಗೆ ಕೊರತೆಯಿಲ್ಲ. ಯಕ್ಷಗಾನಕ್ಕೆ, ರಾಜ್ಯೋತ್ಸವಕ್ಕೆ ಸೇರುವ ಸಭೆಯಲ್ಲೇ ಅರ್ಧ ಗಂಟೆ ತೆಗೆದು, ಒಂದು ಮೀಟರಿನ ಮೂರು ಖೋಲಿಗಳ ಲೆಕ್ಕವನ್ನು ಬರೆದು ಆಯೋಗಕ್ಕೆ ಕಳಿಸುವುದು ಆಗದ ಕೆಲಸವಲ್ಲ.

ಅಷ್ಟರಲ್ಲಿ ಮೀಟರ್ ಬದಲಿಸಲು ಬಂದರೆ ಹಳೆಯ ಮೀಟರಿನ ಕೊನೆಯ ರೀಡಿಂಗ್, ಸೀಲು, ಹೊಸದರ ಮೊದಲ ರೀಡಿಂಗ್, ಮೂರನ್ನೂ ಅವರೆದುರೇ ಫೋಟೋ ತೆಗೆದಿಟ್ಟುಕೊಳ್ಳಿ. ನಾಳೆ ಯಾರಾದರೂ ಬೆರಳು ತೋರಿಸಿದಾಗ ಬಾಡಿಗೆದಾರರ ಕೈಯಲ್ಲಿ ಉಳಿಯುವ ಸಾಕ್ಷಿ ಅದೊಂದೇ.